ಮುರಿದ ಸ್ಟಡ್ಡಿನ ಚರಿತ್ರೆ: ಬೆಳಗೊಳದ ಸುತ್ತಿನ ಯಂತ್ರದುರಸ್ತಿಯನ್ನು ಕುರಿತು ಒಂದು ವಿವೇಚನೆ

೧

ಚರಿತ್ರೆಯನ್ನು ಬೋಧಿಸುವ ನಾವು ತಲೆ ಸವೆದ ಸ್ಕ್ರೂವನ್ನೂ ಕುತ್ತಿಗೆ ಮುರಿದ ಸ್ಟಡ್ಡನ್ನೂ ಕುರಿತು ಬರೆಯಹೊರಟಿರುವುದು ವಾಚಕರಲ್ಲಿ ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಶಾಸನ, ನಾಣ್ಯ, ಕಡತ ಇವು ಚರಿತ್ರಕಾರನ ಸಾಮಗ್ರಿಗಳು. ಎಣ್ಣೆ ಮೆತ್ತಿದ ಕಬ್ಬಿಣದ ತುಂಡು ಯಂತ್ರ ರಿಪೇರಿಯವನಿಗೆ ಸೇರಿದ್ದು ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ರೂಢವಾಗಿದೆ. ಈ ಭಾವನೆ ಸರಿಯಲ್ಲವೆಂಬುದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ. ನಮ್ಮ ಕೈಯಿಂದಲೇ ಆದ ಒಂದು ತಪ್ಪಿನಿಂದ ಕಲಿತೆವು.

ನಮ್ಮ ತಂದೆಯವರು ಬಿಟ್ಟುಹೋದ ಹಳೆಯ ಯೆಜ್ಡಿ ಮೋಟಾರ್‌ಸೈಕಲ್ಲೊಂದು ನಮ್ಮ ಮನೆಯಲ್ಲಿದೆ. ಅದರ ಎಂಜಿನ್ನನ್ನು ಬಿಚ್ಚಿ ಶುದ್ಧಿಮಾಡಬೇಕೆಂದು ಒಂದು ಭಾನುವಾರ ಕುಳಿತೆವು. ಸಿಲಿಂಡರನ್ನು ಹಿಡಿದಿದ್ದ ಸ್ಟಡ್ಡುಗಳಲ್ಲಿ ಒಂದರ ನಟ್ಟು ಮಿಸುಕಲಿಲ್ಲ. ಸ್ಪ್ಯಾನರಿನ ಹಿಡಿಗೆ ನೀರಿನ ಕೊಳವೆಯ ತುಂಡೊಂದನ್ನು ತೊಡಿಸಿ ಜಗ್ಗಿದೆವು. ನಟ್ಟು ತಿರುಗಿದಂತೆ ತೋರಿತು. ಆದರೆ ತಿರುಗಿದ್ದು ನಟ್ಟಲ್ಲ. ಸ್ಟಡ್ಡೇ ತಿರುಚಿಕೊಂಡು ಅಲ್ಯೂಮಿನಿಯಂ ಕವಚದ ಮಟ್ಟಕ್ಕಿಂತ ಕೆಳಗೆ ತುಂಡಾಗಿತ್ತು. ಉಳಿದ ಬುಡವನ್ನು ಕೊರೆದು ತೆಗೆಯೋಣವೆಂದು ಕೈಡ್ರಿಲ್ಲನ್ನು ಇಟ್ಟೆವು. ಅದೂ ನಡುವಿನಿಂದ ಜಾರಿ ಓರೆಯಾಗಿ ಇಳಿಯಿತು. ಭಾಗ್ಯವಶಾತ್ ಅಲ್ಲಿಗೇ ಕೈ ನಿಲ್ಲಿಸಿದೆವು. ಆ ಕವಚಕ್ಕೆ ಹೊಸದು ಸಿಕ್ಕುವಂತಿರಲಿಲ್ಲ. ಅದನ್ನು ತಯಾರಿಸಿದ ಮೈಸೂರಿನ ಕಾರ್ಖಾನೆ ೧೯೯೬ರಲ್ಲಿಯೇ ನಿಂತುಹೋಗಿತ್ತು.

ಬೆಳಗೊಳದಲ್ಲಿ ಲೇಥೊಂದನ್ನು ಇಟ್ಟುಕೊಂಡು ಪಂಪು, ಟ್ರ್ಯಾಕ್ಟರು, ಮೋಟಾರ್‌ಸೈಕಲ್ಲುಗಳನ್ನು ರಿಪೇರಿ ಮಾಡುವ ಹಿರಿಯರೊಬ್ಬರ ಬಳಿಗೆ ಅದನ್ನು ಒಯ್ದೆವು. ಅವರು ಕವಚವನ್ನು ಮೊದಲು ನೋಡಲಿಲ್ಲ. ಮುರಿದ ಮೇಲ್ತುಂಡನ್ನೂ ಅದರ ನಟ್ಟನ್ನೂ ಕೇಳಿ ಪಡೆದು, ಗರಗಸದ ಹಲ್ಲಿನಂಥ ಅಂಚುಗಳಿರುವ ಪಿಚ್ಚುಗೇಜಿನ ಎಲೆಗಳನ್ನು ಒಂದೊಂದಾಗಿ ಅದರ ಮೇಲೆ ಇಟ್ಟು ಬೆಳಕಿಗೆ ಹಿಡಿದರು. ಅನಂತರ, "ಮೇಷ್ಟ್ರೇ, ನೀವು ಮುರಿದದ್ದು ಆಮೇಲೆ. ಮೊದಲು ಇದನ್ನ ಕೆಡಿಸಿದ್ದು ಯಾರು?" ಎಂದರು. ಮಿಲಿಮೀಟರ್ ಅಳತೆಯ ರಂಧ್ರಕ್ಕೆ ಅಂಗುಲದ ಅಳತೆಯ ಸ್ಟಡ್ಡನ್ನು ಯಾರೋ ಎಂದೋ ಬಲಾತ್ಕಾರದಿಂದ ತಿರುಗಿಸಿ ಕೂಡಿಸಿದ್ದರು. ನಮ್ಮ ಕೊಳವೆಯ ತುಂಡು ಆ ಹಳೆಯ ತಪ್ಪನ್ನು ಪೂರ್ತಿಗೊಳಿಸಿತ್ತು, ಅಷ್ಟೆ.

ಆ ಪ್ರಶ್ನೆ ಚರಿತ್ರಕಾರನ ಪ್ರಶ್ನೆ. ಕೆಟ್ಟ ಸ್ಕ್ರೂವನ್ನು ತೆಗೆಯುವುದು ಬಲದ ಕೆಲಸವೆಂದು ಹೊರಗಿನವರು ಭಾವಿಸುತ್ತಾರೆ. ಅದು ಮುಖ್ಯವಾಗಿ ಅದರ ಪೂರ್ವವೃತ್ತಾಂತವನ್ನು ಓದುವ ಕೆಲಸವೆಂದೂ, ಓದದೆ ಬಲವನ್ನು ಬಳಸಿದಲ್ಲಿ ಹಾನಿಯೇ ಹೆಚ್ಚೆಂದೂ ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

೨

ಬೆಳಗೊಳವು ಶ್ರೀರಂಗಪಟ್ಟಣ ತಾಲ್ಲೂಕಿನಲ್ಲಿ, ಮೈಸೂರಿಗೂ ಕೃಷ್ಣರಾಜಸಾಗರಕ್ಕೂ ನಡುವೆ ಇರುವ ಊರು. ಇದರ ಸುತ್ತಣ ಕೆಲವೇ ಮೈಲಿಗಳ ಪ್ರದೇಶದಲ್ಲಿ ಯಂತ್ರಗಳು ಯಾವ ಯಾವ ಕಾಲದಲ್ಲಿ ಬಂದುವೆಂಬುದನ್ನು ನೋಡಿದರೆ, ಇಲ್ಲಿಯ ರಿಪೇರಿ ಅಂಗಡಿಯೊಂದರ ಡಬ್ಬಿಯಲ್ಲಿ ಇಷ್ಟೊಂದು ಬಗೆಯ ಬೋಲ್ಟುಗಳು ಏಕೆ ಕೂಡಿವೆ ಎಂಬುದು ತಿಳಿಯುತ್ತದೆ.

ಎಲ್ಲಕ್ಕಿಂತ ಕೆಳಗಿನ ಸ್ತರ ಶ್ರೀರಂಗಪಟ್ಟಣದ್ದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪುವಿನ ಆಯುಧಶಾಲೆಯಲ್ಲಿ ತಯಾರಾದ ಬಂದೂಕುಗಳ ಚಾಪುಗಳನ್ನು ಸ್ಕ್ರೂಗಳೇ ಹಿಡಿದಿದ್ದುವು. ಆ ಕಾಲದ ಸ್ಕ್ರೂ ಎಲ್ಲ ದೇಶಗಳಲ್ಲಿಯೂ ಒಬ್ಬೊಬ್ಬ ಕುಶಲಕರ್ಮಿಯ ಕೈಯ ಸೃಷ್ಟಿ. ಒಂದು ಬಂದೂಕಿನ ಸ್ಕ್ರೂ ಇನ್ನೊಂದಕ್ಕೆ ಹೊಂದಬೇಕೆಂಬ ನಿಯಮವಿರಲಿಲ್ಲ. ಕಳೆದುಹೋದರೆ ಆ ರಂಧ್ರಕ್ಕೆಂದೇ ಮತ್ತೊಂದನ್ನು ಮಾಡಬೇಕಾಗಿತ್ತು. ಸ್ಕ್ರೂವಿನ ಮೈಮೇಲಣ ಸುರುಳಿಗೀರನ್ನು ಕಾರ್ಖಾನೆಯ ಮಾತಿನಲ್ಲಿ ಥ್ರೆಡ್ಡು ಎನ್ನುತ್ತಾರೆ. ಇದನ್ನು ಒಂದೇ ಸಮನಾಗಿ ಕತ್ತರಿಸಬಲ್ಲ ಲೇಥನ್ನು ಲಂಡನ್ನಿನ ಹೆನ್ರಿ ಮಾಡ್ಸ್ಲೆ ಬಳಕೆಗೆ ತಂದದ್ದು ಶ್ರೀರಂಗಪಟ್ಟಣವು ಪತನವಾದ ೧೭೯೯ರ ಆಸುಪಾಸಿನಲ್ಲಿಯೇ. ಅವನ ಬಳಿ ಕೆಲಸ ಮಾಡಿದ್ದ ಜೋಸೆಫ್ ವಿಟ್‌ವರ್ತ್ ೧೮೪೧ರಲ್ಲಿ ಥ್ರೆಡ್ಡಿನ ಏಣಿನ ಕೋನ ೫೫ ಡಿಗ್ರಿ ಇರಬೇಕೆಂದೂ, ಇಷ್ಟು ದಪ್ಪದ ಬೋಲ್ಟಿಗೆ ಅಂಗುಲಕ್ಕೆ ಇಷ್ಟೇ ಸುತ್ತುಗಳಿರಬೇಕೆಂದೂ ಒಂದು ಕ್ರಮವನ್ನು ಸೂಚಿಸಿದನು. ಬ್ರಿಟನ್ನಿನ ಕಾರ್ಖಾನೆಗಳು ಕ್ರಮೇಣ ಇದನ್ನು ಒಪ್ಪಿಕೊಂಡುವು.

ಈ ಕ್ರಮವು ಪ್ರಕಟವಾದ ಆರು ವರ್ಷಗಳಲ್ಲಿ, ಅಂದರೆ ೧೮೪೭ರಲ್ಲಿ, ಬೆಳಗೊಳಕ್ಕೆ ಸಮೀಪದ ಪಾಲಹಳ್ಳಿಯಲ್ಲಿ ಗ್ರೋವ್ಸ್ ಎಂಬ ಆಂಗ್ಲ ಸಂಸ್ಥೆಯವರು ರೈತರ ಬೆಲ್ಲವನ್ನು ಶುದ್ಧಿಮಾಡಿ ಸಕ್ಕರೆ ತೆಗೆಯುವ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆಯನ್ನು ಸ್ಥಾಪಿಸಿದರು. ೧೮೮೦ರ ದಶಕದ ಆರಂಭದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂದಿತು. ೧೯೧೮ರಲ್ಲಿ ಮೈಸೂರು-ಅರಸೀಕೆರೆ ಮಾರ್ಗವು ಬೆಳಗೊಳದ ಮೂಲಕ ಹಾದುಹೋಯಿತು. ೧೯೧೧ರಲ್ಲಿ ಕನ್ನಂಬಾಡಿಯ ಅಣೆಕಟ್ಟಿನ ಕೆಲಸ ಮೊದಲಾಗಿ ೧೯೩೦ರ ದಶಕದ ಆರಂಭದಲ್ಲಿ ಮುಗಿಯಿತು. ಅದರ ನೀರಿನಿಂದ ಕಬ್ಬು ಬೆಳೆಯಿತು. ೧೯೩೦ರ ದಶಕದಲ್ಲಿಯೇ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆಯೂ ಬೆಳಗೊಳದಲ್ಲಿ ಮೈಸೂರು ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್ ಕಾರ್ಖಾನೆಯೂ ಹುಟ್ಟಿದುವು. ಅನಂತರ ಕಬ್ಬಿನ ಸಿಪ್ಪೆಯಿಂದ ಕಾಗದ ತಯಾರಿಸುವ, ಈಗ ಮುಚ್ಚಿಹೋಗಿರುವ, ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್ ಬಂದಿತು. ಆಲೆಮನೆಗಳಲ್ಲಿ ಎತ್ತುಗಳ ಸ್ಥಾನಕ್ಕೆ ಆಯಿಲ್ ಎಂಜಿನ್ನು ಬಂದಿತು. ಸ್ವಾತಂತ್ರ್ಯಪೂರ್ವದ ಈ ಯಂತ್ರಗಳಲ್ಲಿ ಬಹುಪಾಲು ಅಂಗುಲದ ಅಳತೆಯ ಲೋಕಕ್ಕೆ ಸೇರಿದುವು.

ಇದರ ಮೇಲೆ ಮಿಲಿಮೀಟರಿನ ಸ್ತರ ಕೂಡಿತು. ನಮ್ಮ ದೇಶದಲ್ಲಿ ತೂಕ ಮತ್ತು ಅಳತೆಗಳ ಶಾಸನವು ೧೯೫೬ರಲ್ಲಿ ಆಗಿ, ೧೯೫೮ರ ಅಕ್ಟೋಬರಿನಿಂದ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಬಳಕೆಗೆ ಬಂದಿತು. ೧೯೬೧ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು ಚೆಕೊಸ್ಲೊವಾಕಿಯದ ಜಾವಾ ಮೋಟಾರ್‌ಸೈಕಲ್ಲುಗಳನ್ನು ಇಲ್ಲಿ ತಯಾರಿಸತೊಡಗಿತು. ೧೯೭೦ರ ದಶಕದಲ್ಲಿ ಅವುಗಳಿಗೆ ಯೆಜ್ಡಿ ಎಂಬ ಹೆಸರಾಯಿತು. ಇವುಗಳ ಥ್ರೆಡ್ಡು ಮೆಟ್ರಿಕ್. ಏಣಿನ ಕೋನ ೬೦ ಡಿಗ್ರಿ. ೧೯೮೦ರ ದಶಕದಲ್ಲಿ ಜಪಾನೀ ಸಹಯೋಗದ ವಾಹನಗಳು ಬಂದಾಗ ಪ್ಲಸ್ ಆಕಾರದ ಸೀಳುಳ್ಳ ಸ್ಕ್ರೂಗಳು ಹಳ್ಳಿಹಳ್ಳಿಗೂ ತಲಪಿದುವು.

ಹೀಗೆ ಕಾಲಕಾಲಕ್ಕೆ ಬಂದ ಯಂತ್ರಗಳು ಒಂದರ ಜಾಗಕ್ಕೆ ಇನ್ನೊಂದಾಗಿ ಬರಲಿಲ್ಲ; ಒಂದರ ಪಕ್ಕದಲ್ಲಿ ಇನ್ನೊಂದು ನಿಂತಿತು. ಅಂಗುಲದ ಸ್ಪ್ಯಾನರು, ಅಂಗುಲದ ಟ್ಯಾಪು, ಅಂಗುಲದ ಬೋಲ್ಟು ತುಂಬಿದ ಪೆಟ್ಟಿಗೆಯನ್ನು ತಂದೆಯಿಂದ ಪಡೆದ ಕೆಲಸಗಾರನ ಮುಂದೆ ಮಿಲಿಮೀಟರಿನ ಯಂತ್ರ ಬಂದು ನಿಂತಿತು. ಇದು ನಮ್ಮ ಊರಿನ ವಿಶೇಷವೇನೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ೫೫ ಡಿಗ್ರಿಯ ಥ್ರೆಡ್ಡೂ ಅಮೆರಿಕದ ೬೦ ಡಿಗ್ರಿಯ ಥ್ರೆಡ್ಡೂ ಒಂದಕ್ಕೊಂದು ಹೊಂದದೆ ಮಿತ್ರರಾಷ್ಟ್ರಗಳ ರಿಪೇರಿ ಕೆಲಸಕ್ಕೆ ತೊಡಕಾಯಿತು. ಅದರ ಫಲವಾಗಿ ೧೯೪೮ರಲ್ಲಿ ಅಮೆರಿಕ, ಬ್ರಿಟನ್, ಕೆನಡಗಳು ಏಕರೂಪದ ಥ್ರೆಡ್ಡಿಗೆ ಒಪ್ಪಿ ಸಹಿ ಹಾಕಿದುವು. ರಾಷ್ಟ್ರಗಳು ಒಪ್ಪಂದದಿಂದ ಬಿಡಿಸಿದ ತೊಡಕನ್ನು ಬೆಳಗೊಳದಲ್ಲಿ ಒಬ್ಬೊಬ್ಬ ಕೆಲಸಗಾರನು ತನ್ನ ಬೆಂಚಿನ ಮೇಲೆ ಬಿಡಿಸಿಕೊಳ್ಳಬೇಕಾಯಿತು.

೩

ಸ್ಕ್ರೂ ಏಕೆ ಕೆಡುತ್ತದೆ? ಕಾರಣಗಳನ್ನು ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯದು ಅಳತೆಗಳ ಬೆರಕೆ. ಅಂಗುಲದ ೫/೧೬ ಭಾಗ ದಪ್ಪದ ವಿಟ್‌ವರ್ತ್ ಬೋಲ್ಟಿನ ಅಡ್ಡಳತೆ ೭.೯೪ ಮಿಲಿಮೀಟರು, ಮೆಟ್ರಿಕ್ಕಿನ ಎಂಟರ ಬೋಲ್ಟಿನದು ೮. ಕಣ್ಣಿಗೆ ಎರಡೂ ಒಂದೇ. ಆದರೆ ಮೊದಲನೆಯದರಲ್ಲಿ ಒಂದು ಏಣಿನಿಂದ ಮುಂದಿನ ಏಣಿಗೆ ೧.೪೧ ಮಿಲಿಮೀಟರು, ಎರಡನೆಯದರಲ್ಲಿ ೧.೨೫. ಆದಕಾರಣ ಒಂದನ್ನು ಇನ್ನೊಂದರ ರಂಧ್ರಕ್ಕೆ ಹಾಕಿದರೆ ಮೊದಲ ಒಂದೆರಡು ಸುತ್ತು ಸುಲಭವಾಗಿ ಹೋಗಿ, ಅನಂತರ ಬಿಗಿಯುತ್ತದೆ. ಈ ಬಿಗಿತವನ್ನು ಸರಿಯಾದ ಹಿಡಿತವೆಂದು ತಪ್ಪು ತಿಳಿದವನು ಇನ್ನಷ್ಟು ತಿರುಗಿಸುತ್ತಾನೆ. ಉಕ್ಕು ಮಿದುವಾದ ಅಲ್ಯೂಮಿನಿಯಂ ಏಣುಗಳನ್ನು ಕೊರೆದು ಸಿಕ್ಕಿಕೊಳ್ಳುತ್ತದೆ. ನಮ್ಮ ಸ್ಟಡ್ಡಿನ ವೃತ್ತಾಂತ ಇದೇ. ಸ್ಪ್ಯಾನರುಗಳ ವಿಷಯವೂ ಹಾಗೆಯೇ. ಅರ್ಧ ಅಂಗುಲದ, ಅಂದರೆ ೧೨.೭ ಮಿಲಿಮೀಟರಿನ ತಲೆಗೆ ೧೩ರ ಸ್ಪ್ಯಾನರು ಕೂಡುತ್ತದೆ. ಆದರೆ ಉಳಿದ ಆ ಸ್ವಲ್ಪ ಸಡಿಲದಿಂದ ಬಲವೆಲ್ಲ ಆರು ಮೂಲೆಗಳ ತುದಿಗೆ ಬಿದ್ದು ಮೂಲೆಗಳು ಸವೆದು ತಲೆ ದುಂಡಾಗುತ್ತದೆ.

ಎರಡನೆಯದು ತಲೆಯ ಆಕಾರ. ನೇರ ಸೀಳಿನ ತಲೆಗೆ ತೆಳುವಾದ ತಿರುಪುಳಿಯನ್ನು ಹಾಕಿದರೆ ಸೀಳಿನ ಅಂಚು ಹರಿಯುತ್ತದೆ. ೧೯೩೦ರ ದಶಕದಲ್ಲಿ ಅಮೆರಿಕದ ಹೆನ್ರಿ ಫಿಲಿಪ್ಸನು ಪ್ರಚಾರಕ್ಕೆ ತಂದ ಪ್ಲಸ್ ಆಕಾರದ ಸೀಳಿನ ಗೋಡೆಗಳು ಇಳಿಜಾರಾಗಿರುತ್ತವೆ. ಬಲ ಹೆಚ್ಚಾದಂತೆ ತಿರುಪುಳಿ ತಾನಾಗಿಯೇ ಮೇಲಕ್ಕೆ ಜಾರುತ್ತದೆ. ಜಪಾನೀ ಮಾನಕದ ಸೀಳು ನೋಟಕ್ಕೆ ಇದರಂತೆಯೇ ಇದ್ದರೂ ಆಕಾರದಲ್ಲಿ ಕೊಂಚ ಬೇರೆ. ಫಿಲಿಪ್ಸ್ ತಿರುಪುಳಿ ಅದರ ತಳಕ್ಕೆ ಪೂರ್ತಿ ಇಳಿಯದೆ ಮೇಲೆಯೇ ನಿಂತು, ತಿರುಗಿಸಿದಾಗ ಸೀಳನ್ನು ಕೊರೆದುಹಾಕುತ್ತದೆ. ಆಕಾರದ ಈ ಸಣ್ಣ ಭೇದವನ್ನು ಅರಿಯದೆ ಎಷ್ಟೋ ಎಂಜಿನ್ನುಗಳ ಪಕ್ಕದ ಮುಚ್ಚಳದ ಸ್ಕ್ರೂಗಳು ಹಾಳಾಗಿವೆ.

ಮೂರನೆಯದು ತುಕ್ಕು. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಹಲವು ಮಡಿ ಹಿಗ್ಗುತ್ತದೆ. ಏಣುಗಳ ನಡುವಣ ಕೂದಲೆಳೆಯಷ್ಟು ಸಂದಿಯಲ್ಲಿ ಈ ಹಿಗ್ಗಿಗೆ ಜಾಗವಿಲ್ಲ. ಉಕ್ಕಿನ ಸ್ಟಡ್ಡು ಅಲ್ಯೂಮಿನಿಯಂ ಕವಚದಲ್ಲಿದ್ದು ತೇವ ಸೇರಿದರಂತೂ ಎರಡು ಲೋಹಗಳ ನಡುವೆ ವಿದ್ಯುತ್‌ರಾಸಾಯನಿಕ ಕ್ರಿಯೆ ನಡೆದು ಅಲ್ಯೂಮಿನಿಯಮ್ಮೇ ಬಿಳಿಯ ಪುಡಿಯಾಗಿ ಸ್ಟಡ್ಡನ್ನು ಹಿಡಿದುಕೊಳ್ಳುತ್ತದೆ. ನಾಲೆಯ ಬಯಲಿನ ಗದ್ದೆಗಳಲ್ಲಿ ಕೆಲಸ ಮಾಡುವ ಯಂತ್ರಗಳಿಗೆ ಇದು ಸಾಮಾನ್ಯವಾದ ರೋಗ.

ನಾಲ್ಕನೆಯದು ಅತಿಯಾದ ಬಿಗಿತ. ನಟ್ಟನ್ನು ತಿರುಗಿಸಲು ನಾವು ಹಾಕುವ ಬಲದಲ್ಲಿ ಸುಮಾರು ಹತ್ತನೆಯ ಒಂದು ಭಾಗ ಮಾತ್ರ ಭಾಗಗಳನ್ನು ಒತ್ತಿ ಹಿಡಿಯುವುದಕ್ಕೆ ಸಲ್ಲುತ್ತದೆ. ಉಳಿದುದು ತಲೆಯ ಅಡಿಯ ಮತ್ತು ಏಣುಗಳ ಘರ್ಷಣೆಯಲ್ಲಿ ಕಳೆಯುತ್ತದೆ. ಘರ್ಷಣೆ ಸ್ವಲ್ಪ ಬದಲಾದರೂ ಬಿಗಿತ ಬಹಳ ಬದಲಾಗುತ್ತದೆ. ಹೀಗಿರುವಲ್ಲಿ ತೋಳಿನ ಅಂದಾಜನ್ನೇ ನಂಬಿ ಬಿಗಿದ ಬೋಲ್ಟು ಎಳೆದು ಸಣ್ಣಗಾಗಿ, ಮುಂದಿನ ಸಲ ಬಿಚ್ಚುವಾಗ ಮುರಿಯುವುದರಲ್ಲಿ ಆಶ್ಚರ್ಯವಿಲ್ಲ.

೪

ಕಾರಣವನ್ನು ಗೊತ್ತುಮಾಡಿಕೊಂಡ ಮೇಲೆ ಉಪಾಯ. ಇಲ್ಲಿ ನುರಿತ ಕೆಲಸಗಾರರು ಪಾಲಿಸುವ ಕ್ರಮಕ್ಕೆ ಒಂದೇ ತತ್ತ್ವವಿದೆ: ಪ್ರತಿಯೊಂದು ಹೆಜ್ಜೆಯೂ ಮುಂದಿನ ಹೆಜ್ಜೆಗೆ ದಾರಿಯನ್ನು ಉಳಿಸಿರಬೇಕು. ಹಿಂದಿರುಗಲಾಗದ ಉಪಾಯವನ್ನು ಕಡೆಗೆ ಇಟ್ಟುಕೊಳ್ಳಬೇಕು. ಜೀರ್ಣವಾದ ತಾಳೆಯೋಲೆಯ ಕಟ್ಟನ್ನು ಬಿಡಿಸುವವರು ಈ ತತ್ತ್ವವನ್ನು ಚೆನ್ನಾಗಿ ಬಲ್ಲರು.

ಮೊದಲು ತಿರುಗುವ ದಿಕ್ಕನ್ನು ನಿಶ್ಚಯಿಸಿಕೊಳ್ಳಬೇಕು. ಎಲ್ಲ ಥ್ರೆಡ್ಡುಗಳೂ ಎಡಕ್ಕೆ ತಿರುಗಿಸಿದರೆ ಬಿಚ್ಚುವುದಿಲ್ಲ. ಸೈಕಲ್ಲಿನ ಎಡ ಪೆಡಲನ್ನು ಬಿಚ್ಚಲು ಯತ್ನಿಸಿದ ವಿದ್ಯಾರ್ಥಿಗಳಿಗೆ ಇದು ಅನುಭವದಿಂದ ತಿಳಿದಿರುತ್ತದೆ. ಅನಂತರ ತಲೆಯ ಸುತ್ತಲಿನ ಮಣ್ಣನ್ನೂ ತುಕ್ಕನ್ನೂ ತಂತಿಯ ಬ್ರಷ್ಷಿನಿಂದ ತೆಗೆದು, ಸೀಳಿನ ತಳವನ್ನು ಚೂಪಾದ ಮೊಳೆಯಿಂದ ಕೆರೆದು, ಸೀಮೆಎಣ್ಣೆ ಬೆರೆಸಿದ ತೆಳ್ಳನೆಯ ಎಣ್ಣೆಯನ್ನೊ ಅಂಗಡಿಯಲ್ಲಿ ಸಿಕ್ಕುವ ತುಕ್ಕುಬಿಡಿಸುವ ಎಣ್ಣೆಯನ್ನೊ ಬಿಟ್ಟು ಕಾಯಬೇಕು. ಒಂದು ರಾತ್ರಿಯ ಕಾಯುವಿಕೆ ಉಳಿಸಿರುವಷ್ಟು ಕವಚಗಳನ್ನು ಯಾವ ಉಪಕರಣವೂ ಉಳಿಸಿಲ್ಲವೆಂದು ಬೆಳಗೊಳದ ಹಿರಿಯರು ನಮಗೆ ಹೇಳಿದರು.

ಎರಡನೆಯದು ಪೆಟ್ಟು. ತಲೆಯ ಮೇಲೆ ನೇರವಾಗಿ ಸುತ್ತಿಗೆಯಿಂದ ಚಿಕ್ಕ ಚಿಕ್ಕ ಏಟುಗಳನ್ನು ಕೊಟ್ಟರೆ ಏಣುಗಳ ನಡುವಣ ತುಕ್ಕಿನ ಪದರ ಬಿರಿಯುತ್ತದೆ, ಎಣ್ಣೆ ಒಳಗಿಳಿಯುತ್ತದೆ. ಬಿಚ್ಚುವ ಮುನ್ನ ಬಿಗಿಯುವ ದಿಕ್ಕಿಗೆ ಅತ್ಯಲ್ಪವಾಗಿ ಅಲುಗಿಸಿ ನೋಡುವುದೂ ಉಂಟು. ಒಮ್ಮೆ ಮಿಸುಕಿದ ಥ್ರೆಡ್ಡು ಮುಂದಕ್ಕೂ ಹಿಂದಕ್ಕೂ ಆಡಿಸಿದಂತೆ ಬಿಡುತ್ತದೆ. ಏಟನ್ನೇ ತಿರುಗುವ ಬಲವನ್ನಾಗಿ ಮಾರ್ಪಡಿಸುವ ಇಂಪ್ಯಾಕ್ಟ್ ಡ್ರೈವರ್ ಎಂಬ ಉಪಕರಣ ಇಲ್ಲಿ ಬಹಳ ಪ್ರಯೋಜನಕಾರಿ: ಅದರ ಮೇಲೆ ಹೊಡೆದಾಗ ತುದಿಯು ಸೀಳಿನೊಳಕ್ಕೆ ಒತ್ತಿಕೊಂಡೇ ತಿರುಗುವುದರಿಂದ ಜಾರುವ ಭಯ ಕಡಮೆ. ಸೀಳು ಪೂರ್ತಿ ಹೋಗಿದ್ದರೆ ಗರಗಸದ ಅಲಗಿನಿಂದ ಹೊಸ ಸೀಳನ್ನು ಕೊಯ್ಯಬಹುದು. ಅಥವಾ ತಲೆಯ ಅಂಚಿಗೆ ಉಳಿಯನ್ನು ಓರೆಯಾಗಿ ಇಟ್ಟು ಬಿಚ್ಚುವ ದಿಕ್ಕಿಗೆ ತಟ್ಟಬಹುದು. ತಲೆಯನ್ನೇ ಕೊರೆದು ಕಳಚಿದರೆ, ಮುಚ್ಚಳವನ್ನು ತೆಗೆದ ಮೇಲೆ ಉಳಿದ ಕಡ್ಡಿ ಎಷ್ಟೋ ಸಲ ಇಕ್ಕಳಕ್ಕೆ ಸುಲಭವಾಗಿ ಬರುತ್ತದೆ. ಏಕೆಂದರೆ ಅದನ್ನು ಹಿಡಿದಿದ್ದ ಒತ್ತಡ ತಲೆಯೊಂದಿಗೇ ಹೋಗಿರುತ್ತದೆ.

ಮೂರನೆಯದು ಕಾವು. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಹೊದಿಸುವ ಕೆಲಸವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪಟ್ಟಿಯನ್ನು ಬೆರಣಿಯ ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ, ಮರದ ಚಕ್ರಕ್ಕೆ ತೊಡಿಸಿ, ನೀರೆರೆದು ಕುಗ್ಗಿಸಿದರೆ ಅದು ಬಿಗಿಯಾಗಿ ಕೂಡುತ್ತದೆ. ಎಂಜಿನ್ನಿನಲ್ಲಿ ಬೇಕಾದುದು ಇದರ ವಿಲೋಮ. ಸಮನಾದ ಕಾವಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. ಆದಕಾರಣ ಕವಚವನ್ನು ಸುತ್ತಲೂ ಹದವಾಗಿ ಕಾಯಿಸಿದಾಗ ರಂಧ್ರವು ಸ್ಟಡ್ಡಿಗಿಂತ ಹೆಚ್ಚು ಅಗಲವಾಗಿ ಹಿಡಿತ ಸಡಿಲುತ್ತದೆ. ಪೆಟ್ರೋಲಿನ ಟ್ಯಾಂಕನ್ನೂ ಎಣ್ಣೆಯನ್ನೂ ಮೊದಲೇ ದೂರವಿಟ್ಟಿರಬೇಕೆಂಬುದನ್ನೂ, ರಬ್ಬರಿನ ಸೀಲುಗಳು ಕಾವಿಗೆ ನಿಲ್ಲವೆಂಬುದನ್ನೂ ಮರೆಯಲಾಗದು.

ನಾಲ್ಕನೆಯದು ಹಿಡಿಯನ್ನು ಕಲ್ಪಿಸಿಕೊಳ್ಳುವುದು. ಸ್ಟಡ್ಡಿನ ಭಾಗ ಮೇಲೆ ಉಳಿದಿದ್ದರೆ ಅದರ ಮೇಲೆ ಎರಡು ನಟ್ಟುಗಳನ್ನು ಹಾಕಿ ಒಂದರ ವಿರುದ್ಧ ಇನ್ನೊಂದನ್ನು ಬಿಗಿದು, ಕೆಳಗಿನ ನಟ್ಟನ್ನು ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ಸ್ಟಡ್ಡೇ ಹೊರಬರುತ್ತದೆ. ಮಟ್ಟಸವಾಗಿ ಮುರಿದಿದ್ದರೆ ಅದರ ಮೇಲೆ ನಟ್ಟೊಂದನ್ನು ಇಟ್ಟು ನಡುವಿನ ತೂತಿನೊಳಗೆ ವೆಲ್ಡಿಂಗ್ ಮಾಡುತ್ತಾರೆ. ಉಕ್ಕಿನ ವೆಲ್ಡಿಂಗ್ ಅಲ್ಯೂಮಿನಿಯಮ್ಮಿಗೆ ಹಿಡಿಯುವುದಿಲ್ಲವಾದುದರಿಂದ ಕವಚಕ್ಕೆ ಅಪಾಯ ಕಡಮೆ. ನಟ್ಟಿನೊಂದಿಗೆ ಸ್ಟಡ್ಡಿಗೆ ಬೇಕಾದ ಕಾವೂ ದೊರೆಯುತ್ತದೆ.

ಡ್ರಿಲ್ಲಿಗೆ ಸ್ಥಾನ ಇವೆಲ್ಲದರ ಅನಂತರ. ನಾವು ಮೊದಲನೆಯದನ್ನಾಗಿ ಮಾಡಿಕೊಂಡದ್ದು ಇದನ್ನೇ. ಮುರಿದ ಮುಖವನ್ನು ಅರದಿಂದ ಸಮಮಾಡಿ, ನಡುಮಧ್ಯವನ್ನು ಪಂಚಿನಿಂದ ಗುರುತಿಸಿ, ಸಣ್ಣ ಡ್ರಿಲ್ಲಿನಿಂದ ಮೊದಲುಮಾಡಬೇಕು. ಕೆಲವರು ಎಡಕ್ಕೆ ತಿರುಗುವ ಡ್ರಿಲ್ಲನ್ನು ಬಳಸುತ್ತಾರೆ. ಕೊರೆಯುತ್ತಿರುವಾಗಲೇ ತುಂಡು ಕಳಚಿ ಬರುವುದುಂಟು. ಕೊರೆದ ತೂತಿಗೆ ಎಡಸುರುಳಿಯ ಎಕ್ಸ್‌ಟ್ರಾಕ್ಟರನ್ನು ತುರುಕಿ ತಿರುಗಿಸುವ ಪದ್ಧತಿ ಪುಸ್ತಕಗಳಲ್ಲಿ ಪ್ರಸಿದ್ಧ. ಆದರೆ ದಪ್ಪ ಸ್ಟಡ್ಡನ್ನೇ ಬಿಡದ ತುಕ್ಕು ಅದರೊಳಗಿನ ಸಣ್ಣ ಎಕ್ಸ್‌ಟ್ರಾಕ್ಟರಿಗೆ ಸುಲಭವಾಗಿ ಬಿಡುವುದೆಂದು ನಂಬಲು ಆಧಾರವಿಲ್ಲ. ಅದು ಒಳಗೇ ಮುರಿದರೆ ಗತಿ ಕಷ್ಟ. ಅತಿ ಗಡುಸಾದ ಉಕ್ಕಾದುದರಿಂದ ಸಾಮಾನ್ಯ ಡ್ರಿಲ್ಲು ಅದನ್ನು ಕಚ್ಚುವುದಿಲ್ಲ.

ನಮ್ಮ ಕವಚಕ್ಕೆ ಬೆಳಗೊಳದ ಹಿರಿಯರು ಮಾಡಿದ ಉಪಾಯ ಹೀಗಿತ್ತು. ಕವಚದ ಮೇಲೆ ಸಿಲಿಂಡರನ್ನು ಅದರ ಸ್ಥಾನದಲ್ಲಿಯೇ ಕೂರಿಸಿ ಉಳಿದ ಸ್ಟಡ್ಡುಗಳಿಂದ ಹಿಡಿದು, ಸ್ಟಡ್ಡು ಹಾದುಹೋಗುವ ತೂತಿಗೆ ಸರಿಹೊಂದುವಂತೆ ಉಕ್ಕಿನ ಬುಷ್ಷೊಂದನ್ನು ಲೇಥಿನಲ್ಲಿ ಕಡೆದರು. ಬುಷ್ಷಿನ ನಡುವಿನ ಸಣ್ಣ ರಂಧ್ರ ಡ್ರಿಲ್ಲಿಗೆ ದಾರಿಯಾಯಿತು. ನಾವು ಓರೆಯಾಗಿ ಮಾಡಿದ್ದ ತೂತು ಅದನ್ನು ಪಕ್ಕಕ್ಕೆ ಸೆಳೆಯಲಾರದೆ ಹೋಯಿತು. ಹಳೆಯ ಸ್ಟಡ್ಡೂ ಹರಿದ ಏಣುಗಳೂ ಪೂರ್ತಿ ಹೋಗುವಷ್ಟು ಅಗಲಕ್ಕೆ ಕೊರೆದು, ಅಲ್ಲಿ ಹೊಸ ಥ್ರೆಡ್ಡನ್ನು ಟ್ಯಾಪಿನಿಂದ ಕತ್ತರಿಸಿ, ಒಳಗೂ ಹೊರಗೂ ಥ್ರೆಡ್ಡುಳ್ಳ ಬುಷ್ಷನ್ನು ಕೂಡಿಸಿದರು. ಅದರೊಳಗೆ ಈಗ ಎಂಟರ ಮೆಟ್ರಿಕ್ ಸ್ಟಡ್ಡೇ ಕುಳಿತಿದೆ. ಬುಷ್ಷಿನ ಬದಲು ಹೆಲಿಕಾಯಿಲ್ ಎಂಬ ತಂತಿಯ ಸುರುಳಿಯನ್ನು ಹಾಕುವುದೂ ರೂಢಿಯಲ್ಲಿದೆ. ಒಟ್ಟು ಕೆಲಸಕ್ಕೆ ಅರ್ಧ ದಿನ ಹಿಡಿಯಿತು. ಅದರಲ್ಲಿ ಲೋಹವನ್ನು ಕತ್ತರಿಸಿದ ಕಾಲ ಕೆಲವು ನಿಮಿಷ ಮಾತ್ರ. ಉಳಿದುದೆಲ್ಲ ಅಳತೆ.

ಮರುಜೋಡಣೆಯೂ ರಿಪೇರಿಯ ಭಾಗವೇ. ಏಣುಗಳನ್ನು ಶುದ್ಧಿಮಾಡಿ, ತುಕ್ಕು ಹಿಡಿಯದಂತೆ ತಕ್ಕ ಲೇಪವನ್ನು ಹಚ್ಚಿ, ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಬೇಕು. ಬೆರಳಿಗೆ ಹೋಗದ ಥ್ರೆಡ್ಡು ತನ್ನ ಜೋಡಿ ಇದಲ್ಲವೆಂದು ಹೇಳುತ್ತಿದೆ. ಉಕ್ಕಿನಲ್ಲಿ ಸ್ಟಡ್ಡಿನ ದಪ್ಪದಷ್ಟು ಆಳದ ಹಿಡಿತ ಸಾಕು. ಅಲ್ಯೂಮಿನಿಯಮ್ಮಿನಲ್ಲಿ ಒಂದೂವರೆಯಿಂದ ಎರಡರಷ್ಟು ಬೇಕು.

೫

ಇಷ್ಟರವರೆಗೆ ಎಂಜಿನ್ನಿನ ವಿಷಯ. ಗಾಲಿಯ ಹಬ್, ಅಂದರೆ ಎತ್ತಿನ ಗಾಡಿಯಲ್ಲಿ ಗುಂಭವೆಂದು ಕರೆಯುವ ನಡುಭಾಗದ ವಿಷಯ ಬೇರೆ. ಎಂಜಿನ್ನಿನ ಸ್ಟಡ್ಡು ಕೆಟ್ಟರೆ ಯಂತ್ರ ನಿಲ್ಲುತ್ತದೆ. ಹಬ್ಬಿನ ಸ್ಟಡ್ಡು ಕೆಟ್ಟರೆ ಯಂತ್ರ ನಿಲ್ಲುವುದಿಲ್ಲ, ಗಾಲಿ ಕಳಚಿಹೋಗುತ್ತದೆ. ಗಾಡಿಯ ಕಡಾಣಿ ಬಿದ್ದರೆ ಏನಾಗುವುದೆಂಬುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಹೊರಡುವ ಮುನ್ನ ಅದನ್ನು ಮುಟ್ಟಿ ನೋಡುತ್ತಿದ್ದರು. ಸುಗ್ಗಿಯಲ್ಲಿ ಮಂಡ್ಯದ ಮತ್ತು ಪಾಂಡವಪುರದ ಕಡೆಯ ರಸ್ತೆಗಳಲ್ಲಿ ಕಬ್ಬನ್ನು ಹೇರಿಕೊಂಡು ಹೋಗುವ ಟ್ರ್ಯಾಕ್ಟರಿನ ಟ್ರೈಲರುಗಳಿಗೆ ಅಷ್ಟೇ ಎಚ್ಚರ ಅವಶ್ಯಕ. ಏಕೆಂದರೆ ಅದೇ ರಸ್ತೆಯಲ್ಲಿ ನಮ್ಮ ವಿದ್ಯಾರ್ಥಿಗಳು ಸೈಕಲ್ಲಿನಲ್ಲಿಯೂ ಬಸ್ಸಿನಲ್ಲಿಯೂ ಬರುತ್ತಾರೆ.

ಆದಕಾರಣ ಎಂಜಿನ್ನಿಗೆ ಸಲ್ಲುವ ಎಲ್ಲ ಉಪಾಯ ಹಬ್ಬಿಗೆ ಸಲ್ಲದು. ಹಳೆಯ ಲಾರಿಗಳಲ್ಲಿ ಹಲವಕ್ಕೆ ಎಡಗಾಲಿಗಳ ಸ್ಟಡ್ಡುಗಳು ಎಡ ಥ್ರೆಡ್ಡಿನವು. ಇದನ್ನರಿಯದವನು ಬಿಚ್ಚುತ್ತಿರುವೆನೆಂದು ಭಾವಿಸಿ ಬಿಗಿಯುತ್ತಾ ಮುರಿಯುತ್ತಾನೆ. ಮುರಿದ ಗಾಲಿಯ ಸ್ಟಡ್ಡಿಗೆ ವೆಲ್ಡಿಂಗ್ ಮಾಡಿ ಮತ್ತೆ ಬಳಸುವುದು ಸರ್ವಥಾ ಕೂಡದು. ಕಾಯಿಸಿ ಹದಗೊಳಿಸಿದ ಉಕ್ಕು ವೆಲ್ಡಿಂಗಿನ ಕಾವಿನಲ್ಲಿ ತನ್ನ ಹದವನ್ನು ಕಳೆದುಕೊಳ್ಳುತ್ತದೆ. ಅದನ್ನು ಹಿಂಬದಿಗೆ ಒತ್ತಿ ತೆಗೆದು ಅದೇ ಮಾದರಿಯ ಹೊಸದನ್ನು ಕೂಡಿಸಬೇಕು. ಒಂದು ಮುರಿದಿದ್ದರೆ ಅದರ ಎರಡು ಪಕ್ಕದವನ್ನೂ, ಎರಡು ಮುರಿದಿದ್ದರೆ ಆ ಗಾಲಿಯ ಎಲ್ಲವನ್ನೂ ಬದಲಿಸುವುದು ಭಾರವಾಹನಗಳಲ್ಲಿ ಅಂಗೀಕೃತವಾದ ಕ್ರಮ. ಏಕೆಂದರೆ ಮುರಿದದ್ದರ ಪಾಲಿನ ಭಾರವನ್ನು ಹೊತ್ತ ನೆರೆಯ ಸ್ಟಡ್ಡುಗಳು ನೋಟಕ್ಕೆ ಸರಿಯಾಗಿದ್ದರೂ ಒಳಗೆ ದಣಿದಿರುತ್ತವೆ. ಇಲ್ಲಿಯೂ ತೀರ್ಪು ಹೊರಡುವುದು ನೋಟದಿಂದಲ್ಲ, ವೃತ್ತಾಂತದಿಂದ.

೬

ಮೇಲಿನ ವಿವರಗಳಿಂದ ಒಂದು ಮಾತು ಸ್ಪಷ್ಟವಾಗುತ್ತದೆಂದು ಭಾವಿಸುತ್ತೇವೆ. ಅಳತೆಯ ಶಾಸನ ೧೯೫೬ರಲ್ಲಿ ಆಯಿತೆಂಬುದನ್ನು ನಾವು ತರಗತಿಯಲ್ಲಿ ಒಂದು ವಾಕ್ಯದಲ್ಲಿ ಹೇಳಿ ಮುಗಿಸುತ್ತೇವೆ. ಆ ವಾಕ್ಯವು ಹಳ್ಳಿಯ ಬೆಂಚನ್ನು ತಲಪುವುದಕ್ಕೆ ಎಷ್ಟು ಕಾಲ ಹಿಡಿಯಿತು, ಆ ನಡುವೆ ಎಷ್ಟು ರಂಧ್ರಗಳು ಹರಿದುವು, ಎರಡು ಅಳತೆಗಳ ನಡುವೆ ಯಂತ್ರವನ್ನು ನಡೆಸಿಕೊಂಡು ಬಂದವರು ಯಾವ ಯಾವ ಉಪಾಯಗಳನ್ನು ಕಂಡುಕೊಂಡರು ಎಂಬುದು ಸರ್ಕಾರದ ಕಡತಗಳಲ್ಲಿ ಇರುವಂಥದಲ್ಲ. ಅದು ಟ್ಯಾಪುಗಳ ಪೆಟ್ಟಿಗೆಯಲ್ಲಿಯೂ ಕೆಲಸಗಾರರ ನೆನಪಿನಲ್ಲಿಯೂ ಇದೆ. ಪೆಟ್ಟಿಗೆಗಳು ಹಳೆಯ ಕಬ್ಬಿಣದ ತೂಕಕ್ಕೆ ಮಾರಾಟವಾಗುತ್ತಿವೆ. ನಮ್ಮ ಕವಚವನ್ನು ಉಳಿಸಿಕೊಟ್ಟ ಹಿರಿಯರ ಮಕ್ಕಳು ಬೇರೆ ಉದ್ಯೋಗಗಳನ್ನು ಹಿಡಿದಿದ್ದಾರೆ; ಅವರ ಲೇಥಿಗೆ ಉತ್ತರಾಧಿಕಾರಿಯಿಲ್ಲ.

ಆದಕಾರಣ ನಮ್ಮ ಕಾಲೇಜುಗಳ ಅಧ್ಯಾಪಕಮಿತ್ರರಲ್ಲಿ ಒಂದು ಸೂಚನೆ. ಪ್ರತಿವರ್ಷ ವಿದ್ಯಾರ್ಥಿಗಳಿಂದ ಬರೆಯಿಸುವ ಸಣ್ಣ ಪ್ರಬಂಧಗಳಲ್ಲಿ ಒಂದೆರಡನ್ನಾದರೂ ತಮ್ಮ ಊರಿನ ರಿಪೇರಿ ಅಂಗಡಿಗೆ ಮೀಸಲಿಡಬಹುದು. ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ: ಅಂಗಡಿಗೆ ಮೊದಲು ಬಂದ ಯಂತ್ರ ಯಾವುದು, ಪೆಟ್ಟಿಗೆಯಲ್ಲಿರುವ ಟ್ಯಾಪುಗಳು ಯಾವ ಅಳತೆಯವು, ಎಲ್ಲಿಂದ ಬಂದುವು, ಮಿಲಿಮೀಟರಿನ ಸ್ಪ್ಯಾನರನ್ನು ಮೊದಲು ಕೊಂಡದ್ದು ಯಾವಾಗ, ಯಾವ ಯಂತ್ರಕ್ಕಾಗಿ, ಕೆಟ್ಟದ್ದನ್ನು ತೆಗೆಯುವ ವಿದ್ಯೆಯನ್ನು ಯಾರಿಂದ ಕಲಿತರು. ಉತ್ತರಗಳನ್ನು ಅವರ ಮಾತಿನಲ್ಲಿಯೇ, ಅವರು ಉಪಕರಣಕ್ಕೆ ಕೊಡುವ ಹೆಸರಿನಲ್ಲಿಯೇ ಬರೆದುಕೊಂಡರೆ, ಈ ಪ್ರದೇಶದ ಯಂತ್ರಯುಗದ ಚರಿತ್ರೆಗೆ ಈಗ ಇಲ್ಲದಿರುವ ಒಂದು ಆಧಾರ ದೊರೆತಂತಾಗುತ್ತದೆ.

ನಮ್ಮ ಮುರಿದ ಸ್ಟಡ್ಡಿನ ಮೇಲ್ತುಂಡನ್ನೂ ನಟ್ಟನ್ನೂ ಆ ಹಿರಿಯರು ಹಿಂದಿರುಗಿಸಿದ್ದಾರೆ. ಅಂಗುಲಕ್ಕೆ ಹದಿನೆಂಟು ಸುತ್ತು, ಮೆಟ್ರಿಕ್ ಕವಚದಿಂದ ತೆಗೆದದ್ದು ಎಂದು ಚೀಟಿ ಬರೆದು ಅದನ್ನು ವಿಭಾಗದ ಸಂಗ್ರಹದಲ್ಲಿ ಇಟ್ಟಿದ್ದೇವೆ. ಆಸಕ್ತರು ಬಂದು ನೋಡಬಹುದು.